ಹಾರ್ಮೋನ್, ಸರ್ಜರಿಗೆ ಸೈಕಿಯಾಟ್ರಿಸ್ಟ್ ಲೆಟರ್: ಎಲ್ಲಿಂದ ಶುರು ಮಾಡಬೇಕು, ಏನು ನೋಡಿಕೊಳ್ಳಬೇಕು

ಟ್ರಾನ್ಸ್ ವ್ಯಕ್ತಿಗಳು, ಅಂದರೆ ಹುಟ್ಟಿದಾಗ ಗುರುತಿಸಿದ ಲಿಂಗಕ್ಕಿಂತ ಬೇರೆ ಲಿಂಗತ್ವದವರು, ದೇಹವನ್ನು ಅದಕ್ಕೆ ಹೊಂದಿಸಿಕೊಳ್ಳಲು ಹಾರ್ಮೋನ್ ಶುರು ಮಾಡಬೇಕು ಅಂತ ಎಂಡೋಕ್ರೈನಾಲಜಿಸ್ಟ್ (ಹಾರ್ಮೋನ್ ಡಾಕ್ಟರ್) ಹತ್ತಿರ ಹೋದರೆ ಅವರು ಮೊದಲು ಕೇಳುವುದು, "ಸೈಕಿಯಾಟ್ರಿಸ್ಟ್ ಲೆಟರ್ ತಂದಿದ್ದೀರಾ?" ಟಾಪ್ ಸರ್ಜರಿಗೆ, ಅಂದರೆ ಎದೆಯ ಸರ್ಜರಿಗೆ, ಪ್ಲಾಸ್ಟಿಕ್ ಸರ್ಜನ್ ಹತ್ತಿರ ಹೋದರೂ ಅದೇ ಪ್ರಶ್ನೆ. ಕೆಲವರು ಇದನ್ನು ಜಿಡಿ (ಜೆಂಡರ್ ಡಿಸ್ಫೋರಿಯಾ) ಸರ್ಟಿಫಿಕೇಟ್ ಅನ್ನುತ್ತಾರೆ, ಹಳಬರು ಜಿಐಡಿ (ಜೆಂಡರ್ ಐಡೆಂಟಿಟಿ ಡಿಸಾರ್ಡರ್) ಲೆಟರ್ ಅನ್ನುತ್ತಾರೆ. ಎರಡೂ ಒಂದೇ. ಮಾನಸಿಕ ಆರೋಗ್ಯ ತಜ್ಞರೊಬ್ಬರು ನಿಮ್ಮ ಜೊತೆ ಮಾತಾಡಿ ಇನ್ನೊಬ್ಬ ಡಾಕ್ಟರಿಗೆ ಬರೆಯುವ ಪತ್ರ ಇದು. ಈ ಚಿಕಿತ್ಸೆ ಇವರಿಗೆ ಬೇಕಾಗಿದೆ, ಇದರಿಂದ ಏನಾಗುತ್ತದೆ ಅನ್ನುವುದು ಇವರಿಗೆ ಗೊತ್ತಿದೆ, ಒಪ್ಪಿಗೆ ಕೊಡುವ ಸ್ಥಿತಿಯಲ್ಲಿ ಇದ್ದಾರೆ ಅಂತ ಅದರಲ್ಲಿ ಇರುತ್ತದೆ.

ತುಂಬಾ ಜನ ಇದನ್ನು ಪರೀಕ್ಷೆ ಅಂದುಕೊಂಡು ಹೆದರುತ್ತಾರೆ. "ಸರಿಯಾದ ಉತ್ತರ" ಯಾವುದು ಅಂತ ಯೂಟ್ಯೂಬ್ ನೋಡಿ ಬಾಯಿಪಾಠ ಮಾಡಿಕೊಂಡು ಹೋಗುವವರೂ ಇದ್ದಾರೆ. ನನ್ನ ಅನುಭವದಲ್ಲಿ ಲೆಟರ್ ಸಿಗದೆ ಅಲೆಯುವವರಲ್ಲಿ ಹೆಚ್ಚಿನವರು ಡಾಕ್ಟರ ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟವರಲ್ಲ. ತಪ್ಪು ಜಾಗದಿಂದ ಲೆಟರ್ ತಂದಿರುತ್ತಾರೆ, ಇಲ್ಲವೇ ಲೆಟರಿನಲ್ಲಿ ಇರಬೇಕಾದ್ದು ಇರುವುದಿಲ್ಲ. ಇವೆರಡನ್ನೂ ಮೊದಲೇ ತಪ್ಪಿಸಬಹುದು.

ಶುರು ಮಾಡುವ ಮೊದಲು ಒಂದು ಮಾತು. ಎಲ್ಲದಕ್ಕೂ ಲೆಟರ್ ಬೇಕಿಲ್ಲ. ಬಟ್ಟೆ ಬದಲಿಸುವುದಕ್ಕೆ, ಹೆಸರು ಬದಲಿಸುವುದಕ್ಕೆ, ಲೇಸರ್‌ನಲ್ಲಿ ಗಡ್ಡ ತೆಗೆಸುವುದಕ್ಕೆ, ಧ್ವನಿಯ ತರಬೇತಿಗೆ ಯಾವ ಸೈಕಿಯಾಟ್ರಿಸ್ಟ್ ಅನುಮತಿಯೂ ಬೇಡ. ಲೆಟರ್‌ಗೆ ಕಾಯುತ್ತಾ ಇವನ್ನೆಲ್ಲ ಮುಂದೂಡಬೇಡಿ.

ಮೊದಲು ಲೆಟರ್ ಓದುವವರನ್ನು ಕೇಳಿ

ಸಾಮಾನ್ಯವಾಗಿ ಎಲ್ಲರೂ ಮೊದಲು ಸೈಕಿಯಾಟ್ರಿಸ್ಟ್ ಹುಡುಕುತ್ತಾರೆ, ಆಮೇಲೆ ಸರ್ಜನ್. ನಾನು ಹೇಳುವುದು ಇದರ ಉಲ್ಟಾ. ಯಾರು ಹಾರ್ಮೋನ್ ಕೊಡುತ್ತಾರೋ, ಯಾರು ಸರ್ಜರಿ ಮಾಡುತ್ತಾರೋ ಅವರ ಕ್ಲಿನಿಕ್ಕಿಗೆ ಮೊದಲು ಫೋನ್ ಮಾಡಿ. ಲೆಟರ್ ಓದುವವರು ಅವರು. ಅವರಿಗೆ ಏನು ಬೇಕು ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ.

ಫೋನ್‌ನಲ್ಲಿ ಹೀಗೆ ಕೇಳಿದರೆ ಸಾಕು: "ನಮಸ್ಕಾರ ಮೇಡಂ, ಜೆಂಡರ್ ಸರ್ಜರಿ ಬಗ್ಗೆ ವಿಚಾರಿಸಬೇಕಿತ್ತು. ಡಾಕ್ಟರ್‌ಗೆ ಎಷ್ಟು ಲೆಟರ್ ಬೇಕು? ಸೈಕಿಯಾಟ್ರಿಸ್ಟ್ ಕೊಟ್ಟದ್ದೇ ಆಗಬೇಕಾ, ಕ್ಲಿನಿಕಲ್ ಸೈಕಾಲಜಿಸ್ಟ್ ಕೊಟ್ಟದ್ದೂ ನಡೆಯುತ್ತಾ? ಎಷ್ಟು ತಿಂಗಳ ಒಳಗಿನದ್ದು ಇರಬೇಕು?" ರಿಸೆಪ್ಷನ್‌ನವರಿಗೆ ಗೊತ್ತಿಲ್ಲದಿದ್ದರೆ ಡಾಕ್ಟರನ್ನು ಕೇಳಿ ವಾಟ್ಸಾಪ್ ಮಾಡಿ ಅನ್ನಿ. ಉತ್ತರ ಬರಹದಲ್ಲಿ ಇದ್ದರೆ ನಾಳೆ "ನಾವು ಹಾಗೆ ಹೇಳಿಲ್ಲ" ಅನ್ನುವ ಮಾತು ಬರುವುದಿಲ್ಲ.

ಎಷ್ಟು ಲೆಟರ್ ಅನ್ನುವುದರಲ್ಲಿ ಗೊಂದಲ ಜಾಸ್ತಿ. ಅದಕ್ಕೆ ಕಾರಣ ಇದೆ. ಡಾಕ್ಟರುಗಳು ನೋಡುವ ಅಂತಾರಾಷ್ಟ್ರೀಯ ಮಾರ್ಗಸೂಚಿ, ಟ್ರಾನ್ಸ್ ಆರೋಗ್ಯದ ವೃತ್ತಿಪರರ ಜಾಗತಿಕ ಸಂಸ್ಥೆಯಾದ ಡಬ್ಲ್ಯುಪಾತ್ ಮಾಡಿದ್ದು. ಅದರ 7ನೇ ಆವೃತ್ತಿಯಲ್ಲಿ ಹಾರ್ಮೋನಿಗೆ ಒಂದು, ಟಾಪ್ ಸರ್ಜರಿಗೆ ಒಂದು, ಬಾಟಮ್ ಸರ್ಜರಿಗೆ (ಜನನಾಂಗದ ಸರ್ಜರಿಗೆ) ಎರಡು ಲೆಟರ್ ಅಂತ ಇತ್ತು. ಯೋನಿ ಅಥವಾ ಶಿಶ್ನ ರಚನೆಯ ಸರ್ಜರಿಗೆ ಮುಂಚೆ ಒಂದು ವರ್ಷ ತಮ್ಮ ಲಿಂಗತ್ವದಲ್ಲೇ ಬದುಕಿರಬೇಕು ಅಂತಲೂ ಇತ್ತು. 2022ರಲ್ಲಿ 8ನೇ ಆವೃತ್ತಿ ಬಂತು. ವಯಸ್ಕರಿಗೆ ಲೆಟರ್ ಕೇಳುವುದಾದರೆ ಒಂದು ಸಾಕು ಅಂದಿತು. ಒಂದು ವರ್ಷದ ಷರತ್ತನ್ನೂ ಕೈಬಿಟ್ಟಿತು. ವೃಷಣ, ಅಂಡಾಶಯ ತೆಗೆಯುವಂಥ ಸರ್ಜರಿಗೆ ಮುಂಚೆ ಆರು ತಿಂಗಳ ಹಾರ್ಮೋನ್ ಸಾಕು, ಹಾರ್ಮೋನ್ ಬೇಡ ಅನ್ನುವವರಿಗೆ ಅಥವಾ ಆರೋಗ್ಯದ ಕಾರಣಕ್ಕೆ ತೆಗೆದುಕೊಳ್ಳಲಾಗದವರಿಗೆ ಅದೂ ಇಲ್ಲ ಅಂತ ಹೇಳಿತು.

ಆದರೆ ನಮ್ಮ ಸರ್ಜನ್‌ಗಳಲ್ಲಿ ಹಲವರು ಈಗಲೂ ಹಳೆಯ ಲೆಕ್ಕದಲ್ಲೇ ಎರಡು ಲೆಟರ್ ಕೇಳುತ್ತಾರೆ, ಅದರಲ್ಲಿ ಒಂದು ಸೈಕಿಯಾಟ್ರಿಸ್ಟ್‌ದೇ ಆಗಬೇಕು ಅನ್ನುತ್ತಾರೆ. ಮುಂದೆ ಕೋರ್ಟು ಕಚೇರಿ ಅಂತ ಆಗಬಾರದು ಅನ್ನುವ ಭಯ ಅವರದು. 8ನೇ ಆವೃತ್ತಿಯ ಮಾತನ್ನು ಮರ್ಯಾದೆಯಿಂದ ಎತ್ತಿ ನೋಡಿ. ಒಪ್ಪಿದರೆ ಒಳ್ಳೆಯದು. ಒಪ್ಪದಿದ್ದರೆ, ನಿಮ್ಮ ಹೊಟ್ಟೆಗೋ ಎದೆಗೋ ಕತ್ತರಿ ಹಾಕುವವರ ಜೊತೆ ಈ ವಿಷಯಕ್ಕೆ ಜಗಳ ಆಡಿ ಲಾಭ ಇಲ್ಲ. ಎರಡನೇ ಲೆಟರ್ ಮಾಡಿಸಿಕೊಳ್ಳಿ, ಇಲ್ಲ ಸರ್ಜನ್ ಬದಲಿಸಿ.

ಕೆಲವು ದೊಡ್ಡ ಖಾಸಗಿ ಆಸ್ಪತ್ರೆಗಳಲ್ಲಿ ಸೈಕಿಯಾಟ್ರಿಸ್ಟ್, ಎಂಡೋಕ್ರೈನಾಲಜಿಸ್ಟ್, ಸರ್ಜನ್ ಎಲ್ಲರೂ ಒಂದೇ ಕಡೆ ಸಿಗುತ್ತಾರೆ. ಓಡಾಟ ಕಡಿಮೆ. ಆದರೆ ಅಲ್ಲಿ ಕೊಟ್ಟ ಲೆಟರನ್ನು ಹೊರಗೆ ತೆಗೆದುಕೊಂಡು ಹೋಗಬಹುದಾ ಅಂತ ದುಡ್ಡು ಕಟ್ಟುವ ಮೊದಲೇ ಕೇಳಿ.

ಯಾರ ಹತ್ತಿರ ಹೋಗಬೇಕು

ಲೆಟರ್ ಕೊಡುವವರು ಎಂಡಿ ಅಥವಾ ಡಿಪಿಎಂ ಅಥವಾ ಡಿಎನ್‌ಬಿ ಮಾಡಿದ ಸೈಕಿಯಾಟ್ರಿಸ್ಟ್ ಆಗಿರಬೇಕು. ಇಲ್ಲವೇ ರಿಹ್ಯಾಬಿಲಿಟೇಶನ್ ಕೌನ್ಸಿಲ್ ಆಫ್ ಇಂಡಿಯಾದಲ್ಲಿ, ಅಂದರೆ ಆರ್‌ಸಿಐನಲ್ಲಿ, ನೋಂದಣಿ ಆದ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿರಬೇಕು. ಕೌನ್ಸೆಲರ್‌ಗಳು ತುಂಬಾ ಒಳ್ಳೆಯವರಿರಬಹುದು, ನಿಮ್ಮನ್ನು ವರ್ಷಗಟ್ಟಲೆ ನೋಡಿರಬಹುದು. ಆದರೂ ಅವರೊಬ್ಬರ ಲೆಟರನ್ನು ಹೆಚ್ಚಿನ ಸರ್ಜನ್‌ಗಳು ಒಪ್ಪುವುದಿಲ್ಲ. ಅವರಿಂದ ಒಂದು ಪುಟದ ಟಿಪ್ಪಣಿ ಬರೆಸಿಕೊಂಡು ಸೈಕಿಯಾಟ್ರಿಸ್ಟ್ ಕೈಗೆ ಕೊಡಿ. ಅದು ನಿಜಕ್ಕೂ ಉಪಯೋಗಕ್ಕೆ ಬರುತ್ತದೆ.

ಸರ್ಕಾರಿ ದಾರಿ ಇದೆ. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್, ಮೈಸೂರು, ಹುಬ್ಬಳ್ಳಿ, ಬಳ್ಳಾರಿ, ಕಲಬುರಗಿಯ ಸರ್ಕಾರಿ ಮೆಡಿಕಲ್ ಕಾಲೇಜುಗಳ ಮನೋವೈದ್ಯ ವಿಭಾಗ. ಖರ್ಚು ಕಡಿಮೆ, ಲೆಟರಿನ ತೂಕ ಜಾಸ್ತಿ. ನಿಮ್ಹಾನ್ಸ್ ಸೀಲು ಇದ್ದರೆ ಯಾರೂ ಎರಡನೇ ಮಾತು ಆಡುವುದಿಲ್ಲ. ಆದರೆ ಸಮಯ ಹಿಡಿಯುತ್ತದೆ. ಬೆಳಿಗ್ಗೆ ಬೇಗ ಹೋಗಿ ಚೀಟಿ ಮಾಡಿಸಬೇಕು. ಮೊದಲು ಪಿಜಿ ಡಾಕ್ಟರ್ ಕೂತು ಉದ್ದಕ್ಕೆ ಕೇಸ್ ಹಿಸ್ಟರಿ ಬರೆದುಕೊಳ್ಳುತ್ತಾರೆ, ಆಮೇಲೆ ಹಿರಿಯ ಡಾಕ್ಟರ್ ನೋಡುತ್ತಾರೆ. ಒಂದೇ ಭೇಟಿಯಲ್ಲಿ ಕೈಗೆ ಲೆಟರ್ ಬರುತ್ತದೆ ಅಂತ ಲೆಕ್ಕ ಹಾಕಬೇಡಿ. ದೂರದಿಂದ ಬರುವವರು ಮುಂದಿನ ಭೇಟಿಗಳನ್ನು ಹತ್ತಿರ ಹತ್ತಿರ ಹಾಕಿಕೊಡಿ ಅಂತ ಕೇಳಿ, ಅಥವಾ ವಿಡಿಯೋದಲ್ಲಿ ಆಗುತ್ತಾ ಅಂತ ಕೇಳಿ. 2020ರ ಟೆಲಿಮೆಡಿಸಿನ್ ಮಾರ್ಗಸೂಚಿ ಬಂದ ಮೇಲೆ ವಿಡಿಯೋದಲ್ಲಿ ನೋಡುವುದಕ್ಕೆ ಕಾನೂನಿನ ಅಡ್ಡಿ ಇಲ್ಲ.

ಟೀಚಿಂಗ್ ಆಸ್ಪತ್ರೆಯಲ್ಲಿ ಒಂದು ಕಿರಿಕಿರಿ ಇದೆ. ನೀವು ಮಾತಾಡುತ್ತಿರುವಾಗ ನಾಲ್ಕೈದು ವಿದ್ಯಾರ್ಥಿಗಳು ಬಂದು ನಿಂತುಬಿಡುತ್ತಾರೆ. "ಡಾಕ್ಟ್ರೇ, ಇವರು ಹೊರಗೆ ಇದ್ದರೆ ನಾನು ಬಿಚ್ಚಿ ಮಾತಾಡ್ತೀನಿ" ಅನ್ನುವುದಕ್ಕೆ ಸಂಕೋಚ ಪಡಬೇಡಿ. ಹಾಗೆ ಕೇಳುವ ಹಕ್ಕು ನಿಮಗಿದೆ.

ಖಾಸಗಿಯಲ್ಲಿ ಬೇಗ ಆಗುತ್ತದೆ, ದುಡ್ಡು ಹೋಗುತ್ತದೆ. ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ ಮೂರು ವಿಷಯ ಕೇಳಿ: ಟ್ರಾನ್ಸ್ ವ್ಯಕ್ತಿಗಳಿಗೆ ಹಿಂದೆ ಲೆಟರ್ ಕೊಟ್ಟಿದ್ದಾರಾ, ಸಾಮಾನ್ಯವಾಗಿ ಎಷ್ಟು ಸೆಷನ್ ಬೇಕು, ಲೆಟರಿಗೆ ಬೇರೆ ಫೀ ಇದೆಯಾ. ಮೊದಲನೇ ಪ್ರಶ್ನೆಗೆ "ಅದೆಲ್ಲ ನಾವು ಮಾಡಲ್ಲ" ಅಂದರೆ ಥ್ಯಾಂಕ್ಸ್ ಹೇಳಿ ಫೋನ್ ಇಡಿ. ಸಾವಿರಾರು ರೂಪಾಯಿ ಉಳಿಯಿತು.

ಒಳ್ಳೆಯ ಡಾಕ್ಟರ್ ಹೆಸರು ಯಾರು ಹೇಳುತ್ತಾರೆ? ಟ್ರಾನ್ಸ್ ಸಮುದಾಯದವರೇ. ಬೆಂಗಳೂರಿನಲ್ಲಿ ಸಂಗಮ, ಜೀವ, ಒಂದೆಡೆಯಂಥ ಸಂಸ್ಥೆಗಳು ವರ್ಷಗಳಿಂದ ಕೆಲಸ ಮಾಡುತ್ತಿವೆ. ಯಾವ ಡಾಕ್ಟರ್ ಮನುಷ್ಯರ ಹಾಗೆ ನಡೆಸಿಕೊಳ್ಳುತ್ತಾರೆ ಅನ್ನುವುದು ಗೂಗಲ್ ರೇಟಿಂಗ್‌ಗಿಂತ ಅಲ್ಲಿಯ ಅಕ್ಕಂದಿರಿಗೆ, ಅಣ್ಣಂದಿರಿಗೆ ಚೆನ್ನಾಗಿ ಗೊತ್ತಿರುತ್ತದೆ. ಊರಿನಲ್ಲಿ ಯಾರೂ ಗೊತ್ತಿಲ್ಲ ಅಂದರೆ 14416ಕ್ಕೆ ಫೋನ್ ಮಾಡಬಹುದು. ಅದು ಟೆಲಿ ಮಾನಸ್, ಸರ್ಕಾರದ ಉಚಿತ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ. ಅವರು ಲೆಟರ್ ಕೊಡುವುದಿಲ್ಲ, ಹತ್ತಿರದ ಸರ್ಕಾರಿ ಮನೋವೈದ್ಯರು ಎಲ್ಲಿದ್ದಾರೆ ಅಂತ ವಿಚಾರಿಸಬಹುದು. ಮನಸ್ಸು ತೀರಾ ಕುಸಿದಿದ್ದರೂ ಇದೇ ನಂಬರು.

ಡಾಕ್ಟರ್ ಹೆಸರು ಸಿಕ್ಕ ಮೇಲೆ ಕರ್ನಾಟಕ ಮೆಡಿಕಲ್ ಕೌನ್ಸಿಲ್ ವೆಬ್‌ಸೈಟಿನಲ್ಲಿ ಅವರ ನೋಂದಣಿ ಇದೆಯಾ ನೋಡಿ. ಸೈಕಾಲಜಿಸ್ಟ್ ಆದರೆ ಆರ್‌ಸಿಐನ ಸಿಆರ್‌ಆರ್ ನಂಬರ್, ಅಂದರೆ ನೋಂದಣಿ ಸಂಖ್ಯೆ, ಕೇಳಿ. ದುಡ್ಡು ಕಳಿಸಿದರೆ ಹತ್ತು ನಿಮಿಷದಲ್ಲಿ ಪಿಡಿಎಫ್ ಕಳಿಸುತ್ತೇವೆ ಅನ್ನುವವರು ಇನ್‌ಸ್ಟಾಗ್ರಾಮಿನಲ್ಲಿ ಸಿಗುತ್ತಾರೆ. ಆ ಲೆಟರ್ ಹಿಡಿದುಕೊಂಡು ಸರ್ಜನ್ ಮುಂದೆ ಕೂತಾಗ ಅವರು ನಂಬರಿಗೆ ಫೋನ್ ಮಾಡಿ ನೋಡಿದರೆ ಮುಗಿಯಿತು ಕತೆ.

ಏನೇನು ತೆಗೆದುಕೊಂಡು ಹೋಗಬೇಕು

ಆಧಾರ್, ಹಳೆಯ ಚಿಕಿತ್ಸೆಯ ಚೀಟಿಗಳು, ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಹೆಸರು. ಯಾರಿಗೂ ಹೇಳದೆ ಮೆಡಿಕಲ್ ಶಾಪಿನಿಂದ ಹಾರ್ಮೋನ್ ಮಾತ್ರೆ ತಂದು ನುಂಗುತ್ತಿದ್ದರೆ ಅದನ್ನೂ ಬರೆದುಕೊಳ್ಳಿ. ಗರ್ಭನಿರೋಧಕ ಮಾತ್ರೆಯನ್ನೇ ಹಾರ್ಮೋನ್ ಅಂತ ನುಂಗುವವರು ಬೇಕಾದಷ್ಟು ಜನ ಇದ್ದಾರೆ. ಅದರಲ್ಲಿರುವ ಎಥಿನೈಲ್ ಎಸ್ಟ್ರಾಡಿಯಾಲ್‌ನಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಇದೆ, ಹಾಗಾಗಿ ಡಾಕ್ಟರಿಗೆ ಇದು ಗೊತ್ತಿರಲೇಬೇಕು.

ಜೊತೆಗೆ ಒಂದು ಪುಟದಲ್ಲಿ ನಿಮ್ಮ ಕತೆ ಬರೆದುಕೊಳ್ಳಿ, ಕನ್ನಡದಲ್ಲೇ. ಯಾವಾಗಿನಿಂದ ಹೀಗೆ ಅನ್ನಿಸುತ್ತಿದೆ, ಯಾರಿಗೆ ಮೊದಲು ಹೇಳಿದಿರಿ, ಯಾವಾಗ ಹೆಸರು ಬದಲಿಸಿಕೊಂಡಿರಿ, ದೇಹದ ಯಾವುದರಿಂದ ಹಿಂಸೆ ಆಗುತ್ತದೆ, ಯಾವ ಚಿಕಿತ್ಸೆ ಬೇಕು. ಒಳಗೆ ಹೋದಾಗ ಗಂಟಲು ಕಟ್ಟುತ್ತದೆ, ಇಸವಿ ಮರೆಯುತ್ತದೆ. ಆ ಪುಟವನ್ನೇ ಡಾಕ್ಟರ್ ಕೈಗೆ ಕೊಟ್ಟರೂ ಆಗುತ್ತದೆ.

ಒಳಗೆ ಏನು ನಡೆಯುತ್ತದೆ

ಡಾಕ್ಟರ್ ಕೆಲವೇ ವಿಷಯಗಳನ್ನು ಹುಡುಕುತ್ತಿರುತ್ತಾರೆ. ಲಿಂಗತ್ವದ ಬಗ್ಗೆ ನಿಮಗಿರುವ ಭಾವನೆ ಗಟ್ಟಿಯಾಗಿದೆಯಾ, ಬಹಳ ದಿನದಿಂದ ಇದೆಯಾ. ಬೇರೆ ಯಾವುದಾದರೂ ಕಾಯಿಲೆಯಿಂದ ಹೀಗೆ ಅನ್ನಿಸುತ್ತಿದೆಯಾ. ಚಿಕಿತ್ಸೆಯ ಪರಿಣಾಮ, ಅಪಾಯ ಅರ್ಥ ಆಗಿದೆಯಾ. ನಿಮ್ಮಷ್ಟಕ್ಕೆ ನೀವೇ ಒಪ್ಪಿಗೆ ಕೊಡುತ್ತಿದ್ದೀರಾ, ಯಾರಾದರೂ ಒತ್ತಾಯ ಮಾಡುತ್ತಿದ್ದಾರಾ. ಮುಂದೆ ಮಕ್ಕಳಾಗುವುದಕ್ಕೆ ತೊಂದರೆ ಆಗಬಹುದು ಅನ್ನುವುದು ಗೊತ್ತಿದೆಯಾ. ವೀರ್ಯ ಅಥವಾ ಅಂಡಾಣು ತೆಗೆದಿಡುವ ಬಗ್ಗೆ ಯೋಚಿಸಿದ್ದೀರಾ ಅಂತಲೂ ಕೇಳಬಹುದು. "ಬೇಡ" ಅನ್ನುವುದು ಸರಿಯಾದ ಉತ್ತರವೇ, ಯೋಚಿಸಿ ಹೇಳಿದರೆ ಸಾಕು.

ಬಾಲ್ಯದ ಬಗ್ಗೆ ಕೇಳುತ್ತಾರೆ. "ಮೂರು ವರ್ಷಕ್ಕೇ ಅಮ್ಮನ ಸೀರೆ ಉಟ್ಟಿದ್ದೆ" ಅಂತ ಎಲ್ಲರೂ ಹೇಳಬೇಕು ಅಂತೇನಿಲ್ಲ. ಇಪ್ಪತ್ತೈದಕ್ಕೆ ಗೊತ್ತಾದವರಿದ್ದಾರೆ, ಮದುವೆಯಾಗಿ ಮಕ್ಕಳಾದ ಮೇಲೆ ಗೊತ್ತಾದವರಿದ್ದಾರೆ. ಟ್ರಾನ್ಸ್ ಪುರುಷರಾಗಿದ್ದು ಅಡುಗೆ ಇಷ್ಟ ಅಂದರೆ ಲೆಟರ್ ಹೋಗಿಬಿಡುತ್ತದಾ ಅಂತ ಒಬ್ಬರು ನನ್ನನ್ನು ಕೇಳಿದ್ದರು! ಹೋಗುವುದಿಲ್ಲ. ಹೋದರೆ ತೊಂದರೆ ಇರುವುದು ಆ ಡಾಕ್ಟರಲ್ಲಿ. ಸಂಗಾತಿ ಯಾರು, ಯಾರ ಮೇಲೆ ಆಕರ್ಷಣೆ ಅನ್ನುವುದಕ್ಕೂ ಲೆಟರಿಗೂ ಸಂಬಂಧ ಇಲ್ಲ.

ಖಿನ್ನತೆ, ಆತಂಕ, ಹಿಂದೆ ಕೈ ಕುಯ್ದುಕೊಂಡದ್ದು, ಇವನ್ನು ಮುಚ್ಚಿಡಬೇಕು ಅಂತ ಗೆಳೆಯರು ಸಲಹೆ ಕೊಡುತ್ತಾರೆ. ನನಗೆ ಈ ಸಲಹೆ ಒಪ್ಪಿಗೆ ಇಲ್ಲ. ಖಿನ್ನತೆ ಇದ್ದ ಮಾತ್ರಕ್ಕೆ ಲೆಟರ್ ನಿಲ್ಲಿಸಬೇಕು ಅಂತ ಯಾವ ಮಾರ್ಗಸೂಚಿಯೂ ಹೇಳುವುದಿಲ್ಲ. ಅದಕ್ಕೆ ಚಿಕಿತ್ಸೆ ನಡೆಯುತ್ತಿದೆಯಾ, ಸರ್ಜರಿಯ ಒತ್ತಡ ತಡೆದುಕೊಳ್ಳುತ್ತೀರಾ ಅನ್ನುವುದಷ್ಟೇ ಅವರಿಗೆ ಬೇಕು. ಮುಚ್ಚಿಟ್ಟು, ಆಮೇಲೆ ಅರಿವಳಿಕೆ ಡಾಕ್ಟರ್ ಮುಂದೆ ಮಾತ್ರೆಯ ಹೆಸರು ಹೊರಬಂದರೆ ಸರ್ಜರಿ ದಿನವೇ ಮುಂದೆ ಹೋಗಬಹುದು.

ಹಮಾಮಿನಲ್ಲಿ, ಅಂದರೆ ಹಿಜ್ರಾ ಸಮುದಾಯದವರು ಒಟ್ಟಿಗೆ ಇರುವ ಮನೆಯಲ್ಲಿ, ಇರುವವರಿಗೆ ಬೇರೆ ಚಿಂತೆ. ಹಿಂದೆಯೇ ನಿರ್ವಾಣ (ಸಮುದಾಯದ ಪದ್ಧತಿಯಂತೆ ಜನನಾಂಗ ತೆಗೆಸುವುದು) ಆಗಿದೆ, ಯಾವ ಕಾಗದವೂ ಇಲ್ಲ, ಈಗ ಹಾರ್ಮೋನಿಗೋ ಸರಿಪಡಿಸುವ ಸರ್ಜರಿಗೋ ಲೆಟರ್ ಬೇಕು. ಖಂಡಿತ ಕೇಳಬಹುದು. ಆದದ್ದನ್ನು ಆದ ಹಾಗೆ ಹೇಳಿ. ವೃಷಣ ತೆಗೆದ ಮೇಲೆ ವರ್ಷಗಟ್ಟಲೆ ಹಾರ್ಮೋನ್ ಇಲ್ಲದೆ ಇದ್ದರೆ ಮೂಳೆ ಸವೆಯುತ್ತದೆ, ಹಾಗಾಗಿ ಡಾಕ್ಟರಿಗೆ ಈ ಮಾಹಿತಿ ಬೇಕೇ ಬೇಕು. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ ಪ್ರಕಾರ ನೀವು ಹೇಳಿದ್ದನ್ನು ಗುಟ್ಟಾಗಿ ಇಡುವುದು ಅವರ ಹೊಣೆ.

"ಮನೆಯವರನ್ನು ಕರ್ಕೊಂಡು ಬನ್ನಿ" ಅನ್ನುವುದು ಇಲ್ಲಿ ಮಾಮೂಲು. 18 ತುಂಬಿದವರ ಚಿಕಿತ್ಸೆಗೆ ತಂದೆ ತಾಯಿಯ ಒಪ್ಪಿಗೆ ಕಾನೂನಿನಲ್ಲಿ ಬೇಕಿಲ್ಲ. ಆದರೂ ಕೇಳುತ್ತಾರೆ. ಆಗ ಯಾಕೆ ಕೇಳುತ್ತಿದ್ದಾರೆ ಅಂತ ತಿಳಿದುಕೊಳ್ಳಿ. ನಿಮ್ಮನ್ನು ಬಲ್ಲ ಇನ್ನೊಬ್ಬರ ಮಾತು ಬೇಕು ಅನ್ನುವುದಾದರೆ ಗೆಳತಿ, ರೂಮ್‌ಮೇಟ್, ಗುರು ಯಾರಾದರೂ ಆಗಬಹುದು. ಸರ್ಜರಿ ಆದ ಮೇಲೆ ನೋಡಿಕೊಳ್ಳುವವರು ಯಾರು ಅನ್ನುವ ಚಿಂತೆಯಾದರೆ ಅದಕ್ಕೂ ಒಬ್ಬರ ಹೆಸರು ಕೊಡಿ. ಮನೆಯಲ್ಲಿ ಹೇಳಿದರೆ ಹೊಡೆಯುತ್ತಾರೆ, ಕೂಡಿಹಾಕುತ್ತಾರೆ ಅನ್ನುವ ಪರಿಸ್ಥಿತಿ ಇದ್ದರೆ ಅದನ್ನು ಮುಚ್ಚುಮರೆ ಇಲ್ಲದೆ ಹೇಳಿ, "ದಯವಿಟ್ಟು ಮನೆಗೆ ಫೋನ್ ಮಾಡಬೇಡಿ" ಅಂತ ಕಡತದಲ್ಲಿ ಬರೆಸಿ. 18 ತುಂಬದವರ ದಾರಿ ಬೇರೆ. ಅವರಿಗೆ ಪೋಷಕರು ಬೇಕಾಗುತ್ತದೆ, ಕೌನ್ಸೆಲಿಂಗ್‌ನಿಂದ ಶುರು ಮಾಡುವುದು ಒಳ್ಳೆಯದು.

ಕೆಲವು ಕಡೆ ಮಸಿಚಿತ್ರ ತೋರಿಸುವ ಪರೀಕ್ಷೆ, ನೂರಾರು ಪ್ರಶ್ನೆಗಳ ವ್ಯಕ್ತಿತ್ವ ಪರೀಕ್ಷೆ, ಐಕ್ಯೂ ಪರೀಕ್ಷೆ ಮಾಡಿಸುತ್ತಾರೆ. ಟ್ರಾನ್ಸ್ ಹೌದೋ ಅಲ್ಲವೋ ಅಂತ ಹೇಳುವ ಪರೀಕ್ಷೆ ಯಾವುದೂ ಇಲ್ಲ. ಖರ್ಚು ಕಡಿಮೆಯಾದರೆ ಮಾಡಿಸಿ ಮುಂದೆ ಹೋಗಿ, ಜಾಸ್ತಿಯಾದರೆ "ಇದು ಲೆಟರಿಗೆ ಬೇಕೇ ಬೇಕಾ" ಅಂತ ಕೇಳಿ. ಬಟ್ಟೆ ಬಿಚ್ಚಿ ತೋರಿಸಿ ಅಂತ ಸೈಕಿಯಾಟ್ರಿಸ್ಟ್ ಕೇಳಿದರೆ ಎದ್ದು ಬನ್ನಿ. ಲೆಟರಿಗೆ ಅದು ಬೇಕಿಲ್ಲ.

ಲೆಟರ್ ಕೈಗೆ ಬಂದಾಗ ಅಲ್ಲೇ ಕೂತು ಓದಿ

ನನ್ನ ಪ್ರಕಾರ ಇದೇ ಮುಖ್ಯವಾದ ಹಂತ, ಇದನ್ನೇ ಎಲ್ಲರೂ ಬಿಡುತ್ತಾರೆ. ಖುಷಿಯಲ್ಲಿ ಮಡಚಿ ಬ್ಯಾಗಿಗೆ ಹಾಕಿಕೊಂಡು ಬಸ್ ಹತ್ತಿಬಿಡುತ್ತಾರೆ. ಇಂಗ್ಲಿಷ್ ಬರದಿದ್ದರೆ ಓದಿ ಹೇಳಿ ಅಂತ ಡಾಕ್ಟರನ್ನೇ ಕೇಳಿ. ಇವು ಇರಬೇಕು:

- ಲೆಟರ್‌ಹೆಡ್, ತಾರೀಖು, ಡಾಕ್ಟರ್ ಹೆಸರು, ಓದು, ನೋಂದಣಿ ಸಂಖ್ಯೆ, ಸಹಿ, ಸೀಲು, ಫೋನ್ ನಂಬರ್.
- ಆಧಾರ್‌ನಲ್ಲಿ ಇರುವ ಹೆಸರು ಮತ್ತು ನೀವು ಇಟ್ಟುಕೊಂಡ ಹೆಸರು, ಎರಡೂ. ಹುಟ್ಟಿದ ದಿನಾಂಕ.
- ಯಾವ ದಿನದಿಂದ ನೋಡುತ್ತಿದ್ದಾರೆ, ಎಷ್ಟು ಭೇಟಿ ಆಗಿದೆ.
- ರೋಗನಿರ್ಣಯದ ಹೆಸರು ಮತ್ತು ಕೋಡ್.
- ಬೇರೆ ಮಾನಸಿಕ ತೊಂದರೆ ಇದ್ದರೆ ಅದು ಹತೋಟಿಯಲ್ಲಿದೆ ಅನ್ನುವ ಮಾತು.
- ಲಾಭ, ಅಪಾಯ, ಮಕ್ಕಳಾಗುವ ವಿಷಯ ಚರ್ಚೆ ಆಗಿದೆ, ಒಪ್ಪಿಗೆ ಕೊಡುವ ಸಾಮರ್ಥ್ಯ ಇದೆ ಅನ್ನುವ ಮಾತು.
- ಯಾವ ಚಿಕಿತ್ಸೆಗೆ ಶಿಫಾರಸು ಅನ್ನುವುದು ಸ್ಪಷ್ಟವಾಗಿ.

ಕೊನೆಯದ್ದರಲ್ಲೇ ಎಡವಟ್ಟು ಜಾಸ್ತಿ. "ಮುಂದಿನ ಚಿಕಿತ್ಸೆಗೆ ಕಳಿಸಲಾಗಿದೆ" ಅಂತ ಸುಮ್ನೆ ಬರೆದಿದ್ದರೆ ಎಂಡೋಕ್ರೈನಾಲಜಿಸ್ಟ್ ಒಪ್ಪಬಹುದು, ಸರ್ಜನ್ ಒಪ್ಪುವುದಿಲ್ಲ. ಹಾರ್ಮೋನ್, ಟಾಪ್ ಸರ್ಜರಿ, ಗರ್ಭಕೋಶ ತೆಗೆಯುವುದು, ಏನು ಬೇಕೋ ಅದರ ಹೆಸರೇ ಇರಲಿ. ಮುಂದೆ ಬೇಕಾಗಬಹುದಾದ್ದನ್ನೂ ಸೇರಿಸಬಹುದಾ ಅಂತ ಕೇಳಿ. ಕೆಲವರು ಸೇರಿಸುತ್ತಾರೆ, ಕೆಲವರು ಒಂದೊಂದಕ್ಕೆ ಒಂದೊಂದು ಲೆಟರ್ ಅನ್ನುತ್ತಾರೆ.

ಕೋಡ್ ವಿಷಯ. ಐಸಿಡಿ ಅಂದರೆ ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿ. ಅದರ ಹಳೆಯ ಆವೃತ್ತಿ ಐಸಿಡಿ-10ರಲ್ಲಿ ಎಫ್ 64.0 ಅಂತ ಇತ್ತು, ಮಾನಸಿಕ ಕಾಯಿಲೆಗಳ ಅಧ್ಯಾಯದಲ್ಲಿ. 2022ರ ಜನವರಿಯಿಂದ ಜಾರಿಗೆ ಬಂದ ಐಸಿಡಿ-11ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಆ ಅಧ್ಯಾಯದಿಂದ ತೆಗೆದು ಲೈಂಗಿಕ ಆರೋಗ್ಯದ ಅಧ್ಯಾಯಕ್ಕೆ ಸೇರಿಸಿತು. ಜೆಂಡರ್ ಇನ್‌ಕಾಂಗ್ರುಯೆನ್ಸ್, ಎಚ್‌ಎ60. ಅಮೆರಿಕದ ಮನೋವೈದ್ಯರ ಪುಸ್ತಕ ಡಿಎಸ್‌ಎಂ-5 ಬಳಸುವವರು ಜೆಂಡರ್ ಡಿಸ್ಫೋರಿಯಾ ಅಂತ ಬರೆಯುತ್ತಾರೆ. ಯಾವುದಿದ್ದರೂ ಸರ್ಜನ್‌ಗಳು ಒಪ್ಪುತ್ತಾರೆ. "ಡಿಸಾರ್ಡರ್" ಅನ್ನುವ ಪದ ಬೇಸರ ತಂದರೆ ಹೊಸ ಕೋಡ್ ಹಾಕಿ ಅಂತ ಕೇಳಬಹುದು.

ಹೆಸರಿನ ಸ್ಪೆಲ್ಲಿಂಗ್ ಆಧಾರ್‌ನಲ್ಲಿ ಇದ್ದ ಹಾಗೆಯೇ ಇರಲಿ. ಒಂದು ಅಕ್ಷರ ಆಚೀಚೆ ಆದರೂ ಇನ್ಶೂರೆನ್ಸ್‌ನವರು ವಾಪಸ್ ಕಳಿಸುತ್ತಾರೆ. ಎರಡು ಅಸಲು ಪ್ರತಿಗೆ ಸಹಿ ಹಾಕಿಸಿಕೊಳ್ಳಿ, ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿ ನಿಮ್ಮದೇ ಇಮೇಲಿಗೆ ಕಳಿಸಿಕೊಳ್ಳಿ. ಮನೆಯಲ್ಲಿ ಸಿಕ್ಕಿದರೆ ಹರಿದು ಹಾಕುತ್ತಾರೆ ಅನ್ನುವವರು ಕಾಗದವನ್ನು ಗೆಳೆಯರ ಹತ್ತಿರ ಇಡಿ.

ಕೊಡುವುದಿಲ್ಲ ಅಂದರೆ

"ಇನ್ನೂ ಎರಡು ಸೆಷನ್ ಬೇಕು" ಅನ್ನುವುದು ನಿರಾಕರಣೆ ಅಲ್ಲ. ಆದರೆ ತಿಂಗಳುಗಟ್ಟಲೆ ಬರಿಸಿ, ಯಾಕೆ ಅಂತ ಹೇಳದೆ ಮುಂದೂಡುತ್ತಿದ್ದರೆ ನೇರವಾಗಿ ಕೇಳಿ: "ನನ್ನಲ್ಲಿ ಏನು ಸಂಶಯ ಇದೆ, ಅದು ಯಾವಾಗ ಪರಿಹಾರ ಆಗುತ್ತದೆ?" ಉತ್ತರ ಬರದಿದ್ದರೆ ಬೇರೆಯವರ ಹತ್ತಿರ ಹೋಗಿ. ಹೋಗುವಾಗ ನಿಮ್ಮ ದಾಖಲೆಗಳ ಪ್ರತಿ ಕೇಳಿ ತೆಗೆದುಕೊಳ್ಳಿ. 2017ರ ಕಾಯ್ದೆಯಲ್ಲಿ ಆ ಹಕ್ಕು ಇದೆ. ವೈದ್ಯರ ನಡತೆಯ 2002ರ ನಿಯಮಗಳ ಪ್ರಕಾರ ರೋಗಿ ಕೇಳಿದ ದಾಖಲೆಯನ್ನು 72 ಗಂಟೆಯೊಳಗೆ ಕೊಡಬೇಕು. ಹೊಸ ಡಾಕ್ಟರ್ ಮತ್ತೆ ಒಂದರಿಂದ ಶುರು ಮಾಡುವುದು ಇದರಿಂದ ತಪ್ಪುತ್ತದೆ.

"ಇದನ್ನು ವಾಸಿ ಮಾಡುತ್ತೇನೆ, ಮದುವೆ ಆದರೆ ಸರಿಹೋಗುತ್ತದೆ" ಅನ್ನುವ ಡಾಕ್ಟರ್ ಸಿಕ್ಕರೆ ಅಲ್ಲಿಗೆ ನಿಲ್ಲಿಸಿ. ಮದ್ರಾಸ್ ಹೈಕೋರ್ಟಿನ 2021ರ ಆದೇಶದ ನಂತರ ನ್ಯಾಷನಲ್ ಮೆಡಿಕಲ್ ಕಮಿಷನ್ 2022ರಲ್ಲಿ ಇಂಥ ಕನ್ವರ್ಷನ್ ಥೆರಪಿಯನ್ನು ವೃತ್ತಿ ದುರ್ನಡತೆ ಅಂತ ಹೇಳಿ ಎಲ್ಲ ರಾಜ್ಯಗಳ ಕೌನ್ಸಿಲ್‌ಗಳಿಗೆ ತಿಳಿಸಿದೆ. ಚೀಟಿ, ಮಾತ್ರೆಯ ಹೆಸರು, ಮೆಸೇಜು ಇಟ್ಟುಕೊಂಡು ಕರ್ನಾಟಕ ಮೆಡಿಕಲ್ ಕೌನ್ಸಿಲ್‌ಗೆ ದೂರು ಕೊಡಬಹುದು. ದೂರು ಬರೆಯಲು ಜಿಲ್ಲಾ ನ್ಯಾಯಾಲಯದಲ್ಲಿರುವ ಕಾನೂನು ಸೇವಾ ಪ್ರಾಧಿಕಾರದಲ್ಲಿ ಸಹಾಯ ಕೇಳಿ.

ಲೆಟರ್, ಗುರುತಿನ ಪತ್ರ, ಇನ್ಶೂರೆನ್ಸ್

ಈ ಮೂರನ್ನೂ ಒಂದೇ ಅಂದುಕೊಳ್ಳುವವರಿದ್ದಾರೆ. ಲೆಟರ್ ಡಾಕ್ಟರಿಗೆ. ಟಿಜಿ (ಟ್ರಾನ್ಸ್‌ಜೆಂಡರ್) ಗುರುತಿನ ಪತ್ರ ಜಿಲ್ಲಾಧಿಕಾರಿ ಕೊಡುವುದು, ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕುಗಳ ರಕ್ಷಣೆಯ 2019ರ ಕಾಯ್ದೆಯ ಅಡಿಯಲ್ಲಿ. 2020ರ ನಿಯಮಗಳು ಬಂದಾಗ ಮೊದಲ ಗುರುತಿನ ಪತ್ರಕ್ಕೆ ವೈದ್ಯಕೀಯ ಪರೀಕ್ಷೆ ಬೇಡ, ಅಫಿಡವಿಟ್ ಸಾಕು ಅಂತ ಇತ್ತು. ಕಾನೂನು, ನಿಯಮ ಬದಲಾಗುತ್ತಿರುತ್ತವೆ, ಆದ್ದರಿಂದ ಅರ್ಜಿ ಹಾಕುವ ವಾರ ಯಾವುದು ಜಾರಿಯಲ್ಲಿದೆ ಅಂತ ಸಂಸ್ಥೆಯವರನ್ನೋ ಕಾನೂನು ಸೇವಾ ಪ್ರಾಧಿಕಾರವನ್ನೋ ಕೇಳಿಯೇ ಮುಂದುವರಿಯಿರಿ.

ಗುರುತಿನ ಪತ್ರ ಇದ್ದವರಿಗೆ ಆಯುಷ್ಮಾನ್ ಭಾರತ್ ಟಿಜಿ ಪ್ಲಸ್ ಅಂತ ಯೋಜನೆ ಇದೆ. 2022ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರದಲ್ಲಿ ಇದರ ಒಪ್ಪಂದ ಆಯಿತು, ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ. ಕಾಗದದ ಮೇಲೆ ಚೆನ್ನಾಗಿದೆ. ನೀವು ಹೋಗುವ ಆಸ್ಪತ್ರೆಯಲ್ಲಿ ನಿಮಗೆ ಬೇಕಾದ ಸರ್ಜರಿಗೆ ಅದು ನಡೆಯುತ್ತದಾ ಅನ್ನುವುದನ್ನು ಅಲ್ಲಿಯ ಆರೋಗ್ಯ ಮಿತ್ರ ಕೌಂಟರಿನಲ್ಲೇ ಕೇಳಬೇಕು, ಮುಂಗಡ ದುಡ್ಡು ಕಟ್ಟುವ ಮೊದಲು. ಕಂಪನಿ ಕೆಲಸದಲ್ಲಿ ಇರುವವರು ಎಚ್‌ಆರ್ ಹತ್ತಿರ ಗ್ರೂಪ್ ಪಾಲಿಸಿಯ ಪ್ರತಿ ತೆಗೆದುಕೊಂಡು ಓದಿ. ಐಟಿ ಕಂಪನಿಗಳಲ್ಲಿ ಕೆಲವು ಈ ಸರ್ಜರಿಯನ್ನು ಸೇರಿಸಿವೆ. ಅವರಿಗೂ ಇದೇ ಲೆಟರ್ ಬೇಕು, ಕೋಡ್ ಸಮೇತ.

ಇನ್ನೊಂದೇ ಉಳಿದದ್ದು ತಾರೀಖು. ಎಷ್ಟೋ ಸರ್ಜನ್‌ಗಳು ಆರು ತಿಂಗಳು ಅಥವಾ ಒಂದು ವರ್ಷದೊಳಗಿನ ಲೆಟರ್ ಮಾತ್ರ ಒಪ್ಪುತ್ತಾರೆ. ದುಡ್ಡು ಕೂಡಿಸುವುದಕ್ಕೆ ಇನ್ನೂ ಎರಡು ವರ್ಷ ಬೇಕು ಅನ್ನುವವರು ಈಗ ಹಾರ್ಮೋನ್ ಲೆಟರ್ ಮಾತ್ರ ಮಾಡಿಸಿಕೊಂಡು, ಅದೇ ಸೈಕಿಯಾಟ್ರಿಸ್ಟ್ ಹತ್ತಿರ ಆಗಾಗ ಹೋಗಿ ಬರುತ್ತಿರಿ. ಸರ್ಜರಿ ಲೆಟರ್ ಬೇಕಾದಾಗ ಕಡತ ಅಲ್ಲೇ ಇರುತ್ತದೆ, ಒಂದೆರಡು ಭೇಟಿಯಲ್ಲಿ ಹೊಸ ತಾರೀಖು ಹಾಕಿ ಬರೆದುಕೊಡುತ್ತಾರೆ.